ನೆಲಮಾಳಿಗೆಯ ತಲೆಗೆ ಮೆತ್ತಿದ ಸಗಣಿ

ಎಲ್ಲಿಂದ ಶುರು ಮಾಡಲಿ? ಸೈಬೀರಿಯಾದಲ್ಲಿ ಹೆಪ್ಪುಗಟ್ಟಿದ ನೆಲ ಕರಗುತ್ತಿದೆ ಎಂದರೆ ನೀವು ಪುಟ ತಿರುಗಿಸುತ್ತೀರಿ. ನನಗೂ ಹೇಳಿ ಹೇಳಿ ಸಾಕಾಗಿದೆ. ಹೋಗಲಿ, ಇಲ್ಲಿ ನನ್ನ ಪಕ್ಕದ ಮನೆಯ ಅಕುಲಿನಾಳ ನೆಲಮಾಳಿಗೆಯಿಂದ ಶುರು ಮಾಡುತ್ತೇನೆ. ಆ ಹೆಪ್ಪುಗಟ್ಟಿದ ನೆಲದಲ್ಲೇ ತೋಡಿದ್ದು, ಬೇಸಿಗೆಯಲ್ಲೂ ಅದೇ ಅವಳ ಫ್ರಿಜ್. ಅವಳ ಕುದುರೆ ಮಾಂಸ, ಕುಡಿಯಲೆಂದು ಕೆರೆಯಿಂದ ಕಡಿದು ತಂದ ಮಂಜುಗಡ್ಡೆ, ಎಲ್ಲ ಅದರೊಳಗೇ ಇದ್ದವು. ಈಗ ಅಲ್ಲಿ ಮೊಣಕಾಲುದ್ದ ನೀರು.

೧. (ಅಕುಲಿನಾಳಿಗೆ ಓದಿ ಹೇಳಿ ಹರಿದು ಹಾಕಿದ ಕರಡು)

"ಬೇರುಗಳು ಭರವಸೆಯಂತೆ ಕೆಳಗಿಳಿದವು..."

"ಥೂ! ಭರವಸೆಯಂತೆ ಭರವಸೆ," ಎಂದಳು ಅಕುಲಿನಾ. "ಆ ಬೇರಿಂದ್ಲೇ ನನ್ನ ಮನೆ ಹಾಳಾಗಿರೋದು ಕಣಯ್ಯಾ."

೨. ಸರಿ, ನೇರವಾಗಿ ಹೇಳುತ್ತೇನೆ. ಗೋಡೆಗೆ ಸಗಣಿ ಮೆತ್ತಿದರೆ ಚಳಿಗಾಲದಲ್ಲಿ ಮನೆ ಬೆಚ್ಚಗಿರುತ್ತದೆ. ಹಾಗಾದರೆ ನೆಲಮಾಳಿಗೆಯ ತಲೆಗೆ ಮೆತ್ತಿದರೆ ಬೇಸಿಗೆಯಲ್ಲಿ ಅದು ತಣ್ಣಗಿರಬೇಕಲ್ಲ? ಅವಳ ತಮ್ಮ ಗವ್ರೀಲ ಹೀಗೆ ಯೋಚಿಸಿ, ಅಕ್ಕನಿಗೋಸ್ಕರ ಬೆನ್ನು ಮುರಿಯುವಂತೆ ಸಗಣಿ ಹೊತ್ತು ಹಾಕಿದ. ಮೊದಲ ಬೇಸಿಗೆ ಚೆನ್ನಾಗಿಯೇ ಇತ್ತು. ಆಮೇಲೆ ಸಗಣಿ ಗೊಬ್ಬರವಾಯಿತು, ವಿಲೋ ಪೊದೆ ಎದ್ದಿತು. ಪೊದೆಯಲ್ಲಿ ಸಿಕ್ಕಿಕೊಂಡ ಹಿಮ ಕಂಬಳಿಯಾಗಿ, ಚಳಿ ನೆಲಕ್ಕಿಳಿಯಲೇ ಇಲ್ಲ, ನೆಲ ಕರಗಿತು. ಬೇರಿನ ರಸ ಉಂಡು ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಚುರುಕಾದವು, ಕರಗಿದ ಹಳೇ ಮಣ್ಣನ್ನೂ ತಿನ್ನತೊಡಗಿದವು. (ಇದು ಮಣ್ಣು ಪರೀಕ್ಷೆಗೆ ಬಂದವರು ಅವಳಿಗೆ ಹೇಳಿದ್ದು. ಲೆಕ್ಚರ್ ಮುಗಿಯಿತು, ಆಕಳಿಸುತ್ತಿದ್ದವರು ಎದ್ದೇಳಿ.)

ಗವ್ರೀಲನಿಗೆ ಮಾತ್ರ ಯಾರೂ ಹೇಳಿಲ್ಲ.

೩. ಕ್ಲೈಮ್ಯಾಕ್ಸ್: ಅಕ್ಕ ಹೇಳಿಬಿಡುತ್ತಾಳೆ, ತಮ್ಮ ಅಳುತ್ತಾನೆ.

"ನಾನು ಹೇಳಲ್ಲಪ್ಪ," ಎಂದಳು. "ಕುಡಿಯೋದು ಬಿಟ್ಮೇಲೆ ಅವನು ಮಾಡಿದ ಮೊದಲನೇ ಕೆಲ್ಸ ಅದು. ಊರೆಲ್ಲಾ ಹೇಳ್ಕೊಂಡು ಬಂದಿದಾನೆ."

"ಹಾಗಾದ್ರೆ ಪೊದೆ ಕಿತ್ತು ಹಾಕಿ, ಸುಖಾಂತ ಮಾಡ್ಲಾ?"

"ಬರೀ ನೆಲದ ಮೇಲೆ ಬಿಸಿಲು ಬಿದ್ರೆ ಇನ್ನೂ ಬೇಗ ಕರಗತ್ತೆ. ಅಷ್ಟೂ ಗೊತ್ತಿಲ್ವಾ, ಪೆದ್ದಾ?"

ನನಗೂ ಸುಸ್ತಾಗಿತ್ತು. ಕ್ಲೈಮ್ಯಾಕ್ಸನ್ನು ಹೊಡೆದು ಹಾಕಿದೆ.

೪. (ಗವ್ರೀಲನನ್ನು ನಾನು ಕರೆದು ತರಲಿಲ್ಲ, ಅವನೇ ಬಂದ.)

"ಅಕ್ಕಾ, ಸಗಣಿ ಕಮ್ಮಿ ಆಯ್ತೇನೋ," ಎನ್ನುತ್ತಾ ಗವ್ರೀಲ ನಾವಿದ್ದ ನೆಲಮಾಳಿಗೆಗೆ ಏಣಿ ಇಳಿದ. "ಇನ್ನೊಂದು ಪದರ ಹಾಕ್ಬಿಡ್ತೀನಿ."

"ಬೇಡ ಕಣೋ. ಈ ವರ್ಷ ಸೆಖೆನೇ ಹಾಗಿದೆ. ಮಾಂಸ ಇಸ್ಕೋ, ಕೊಳೆಯೋಕ್ಮುಂಚೆ ಮೇಲಕ್ಕೆ ಸಾಗ್ಸೋಣ."

ಅವನ ತಲೆಗೆ ಏನೋ ತಗುಲಿತು. ಚಾವಣಿಯ ಬಿರುಕಿನಿಂದ ಬಿಳಿ ಬೇರುಗಳು ನೇತಾಡುತ್ತಿದ್ದವು. ಒಂದನ್ನು ಹಿಡಿದು ನೋಡಿದ.

"ಅಕ್ಕಾ, ಇದು ಮೇಲಿನ ಪೊದೇದಾ?"

"ಯಾವ್ದೋ ಹಾಳು ಬೇರು. ನೀನು ಮಾಂಸ ಹಿಡ್ಕೊಳ್ಳೋ."

ಒಂದು ಕೈಯಲ್ಲಿ ಮಾಂಸ ಹಿಡಿದುಕೊಂಡ. ಇನ್ನೊಂದು ಕೈ ಬೇರನ್ನು ಬಿಡಲಿಲ್ಲ.

ಅವನಿಗೆ ಅರ್ಥವಾಯಿತೇ? ಒಂದು ವಾಕ್ಯ ಸಾಕು, ಬರೆಯಲು ಹೊರಟೆ. ನೀರಲ್ಲಿ ನಿಂತಿದ್ದ ಅಕುಲಿನಾ, ಅವನ ಬೆನ್ನ ಹಿಂದಿನಿಂದ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು.

ನಾನು ಬರೆಯಲಿಲ್ಲ.