ಪಾರೆ ಬದಿಯ ಮುಳಿ

ಪಾರೆಕಲ್ಲಿನ ಬದಿಯ ಮುಳಿಹುಲ್ಲಿಗೆ ನೀನು ಬಂದು ನೋಡುವ ತನಕ ಕತ್ತಿ ಹಾಕುವುದಿಲ್ಲ ಮಗಳೇ, ಎಂದಿದ್ದೆ, ನಾಲ್ಕು ವರ್ಷದ ಹಿಂದೆ ಶಂಕರಿ ದೇಲಂಪಾಡಿಗೆ, ಗಂಡನ ಮನೆಗೆ ಹೋಗುವ ಗಾಡಿ ಹತ್ತುವಾಗ — ಈಗ ಮನೆಯ ಮಾಡಿಗೆ ಹುಲ್ಲು ಹೊದೆಸುತ್ತ ಮೇಲೆ ಕುಳಿತವನ ಮೊಣಕಾಲಿಗೆ ಬಿದಿರಿನ ಪಕಾಸು ಒತ್ತುತ್ತದೆ, ಬೆನ್ನಿಗೆ ಬಿಸಿಲು, ಪಡುವಣದಲ್ಲಿ ಮೋಡ, ಬಲಗಾಲು ಜೋಮು, ಇಳಿಯುವ ಹಾಗಿಲ್ಲ, ಇಳಿದರೆ ಕೆಲಸ ನಿಲ್ಲುತ್ತದೆ, ನಾಳೆ ಶಾಲೆ — ಹುಲ್ಲಿನ ಸೂಡಿ ಹಿಡಿ, ಹಾಸು, ಕಟ್ಟು. ಕೆಳಗಿನಿಂದ ಸೂಡಿ ಎಸೆಯುವ ಕುಂಞ, ಮಾಷ್ಟ್ರೇ, ಮುಳಿ ಮುಗಿಯಿತು, ಅಡಿಯದ್ದೆಲ್ಲ ಗೆದ್ದಲು ತಿಂದಿದೆ, ಮಕ್ಕಳಿಗೆ ಲೆಕ್ಕ ಕಲಿಸ್ತೀರಿ, ಹುಲ್ಲು ಒಟ್ಟಿದ ಕುತ್ತರಿಯ ಅಡಿಗೆ ಕಲ್ಲಿಡಲಿಕ್ಕೆ ಗೊತ್ತಿಲ್ವಾ ಮಾರಾಯ್ರೇ? ಗೊತ್ತಿತ್ತು, ಆ ಸಂಜೆ ಮೈ ಸೋತಿತ್ತು, ನಾಳೆ ಇಡುವಾ ಅಂದುಕೊಂಡದ್ದು, ಅಷ್ಟೇ — ಹೆರಿಗೆಯ ಕೋಣೆಯ ಮೇಲೆ ಚಾಪೆಯಗಲ ಆಕಾಶ ಉಳಿದಿದೆ, ಅದರ ಕೆಳಗೆ ಶಂಕರಿ ನನ್ನನ್ನೇ ನೋಡುತ್ತಾಳೆ, ಕಾಲು ಬಾತು ಮಂಚ ಹಿಡಿದವಳು, ಹೆರಿಗೆಗೆ ಬಂದ ದಿನವೇ ಕೇಳಿದ್ದು, ಪಾರೆ ಬದಿಯದ್ದು ಉಂಟಾ ಅಪ್ಪಾ? ಉಂಟು. ಪತಂಗ? ಅದೂ ಉಂಟು, ಹೆತ್ತು ಎದ್ದ ಮೇಲೆ ಹೋಗುವಾ. ಹತ್ತು ವರ್ಷದವಳಿದ್ದಾಗ ಕಂಡುಹಿಡಿದದ್ದು ಅವಳೇ, ಮನೆಯ ಹಿಂದಿನ ಬೋಳುಗುಡ್ಡದ ಪದವಿನಲ್ಲಿ, ಮುಳಿಯ ದಂಟಿಗೆ ತಲೆಕೆಳಗಾಗಿ ಅಂಟಿದ ಒಂದು ಒಣ ಕಡ್ಡಿ, ಮುಟ್ಟಿದರೆ ಕಡ್ಡಿ ಎರಡಾಗಿ ಬಿಚ್ಚಿ ರೆಕ್ಕೆಯಾಗಿ ಹಾರಿತು — ಹುಳ ಹಿಡಿಯಲು ಬಂದ ಮದ್ರಾಸಿನ ಸಾಹೇಬರು ಕನ್ನಡಕ ಒರೆಸಿ ಒರೆಸಿ ನೋಡಿ, ಈ ಕುಲದ ಪತಂಗಗಳನ್ನು ಕಂಡವರೇ ಕಡಿಮೆ, ಹುಲ್ಲು ಹೋದರೆ ಇವೂ ಹೋದವು ಎಂದದ್ದು, ಅವಳು ನನ್ನ ಪಂಚೆ ಹಿಡಿದುಕೊಂಡದ್ದು. ಊರಿನ ಮುಳಿಯೆಲ್ಲ ಮಾಗಿಯಲ್ಲೇ ಕೊಯ್ದಾಗಿದೆ, ಪದವಿನಲ್ಲಿ ನಿಂತಿರುವುದು ಪಾರೆ ಬದಿಯ ಅದೊಂದೇ. ಕುಂಞನಿಗೂ ಗೊತ್ತು, ಪಾರೆ ಬದಿಯಲ್ಲಿ ನಾಲ್ಕು ಸೂಡಿಯಷ್ಟು ಉಂಟಲ್ಲ ಮಾಷ್ಟ್ರೇ, ಹುಳಕ್ಕೆ ಮನೆ, ಬಸುರಿಗೆ ಮಳೆಯಾ? ಗುಡುಗು. ಹೋಗು, ತಾ — ಮೆಲ್ಲಗೆ ಹೇಳಿದೆ, ಅವಳಿಗೆ ಕೇಳಬಾರದೆಂದು, ಕೇಳಿತೋ ಏನೋ.

ತಂದ. ಹಾಸುತ್ತೇನೆ, ಕಟ್ಟುತ್ತೇನೆ, ಚಾಪೆಯಗಲ ಆಕಾಶ ಮೊರದಗಲ ಆಯಿತು, ಅಂಗೈಯಗಲ, ಅವಳ ಒಂದು ಕಣ್ಣು — ಆಗ ಸೂಡಿಯಿಂದ ಒಂದು ಕಡ್ಡಿ ಜಾರಿ, ಬೀಳುತ್ತ ಬೀಳುತ್ತ ಎರಡಾಗಿ ಬಿಚ್ಚಿ ಕೋಣೆಯೊಳಗೆ ಹಾರಿತು, ಅಪ್ಪಾ, ಇದು ಎಲ್ಲಿಯ ಮುಳಿ? ಮೊದಲ ಹನಿ ಕತ್ತಿನ ಮೇಲೆ, ಕೆಳಗಿಂದ ಕುಂಞ, ಎಂತ ಮಾಷ್ಟ್ರೇ ನೋಡುವುದು, ಮುಚ್ಚಿ ಬೇಗ — ಹಗ್ಗ ಎಳೆದೆ, ಗಂಟು ಹಾಕಿದೆ, ಒಳಗೆ ಕತ್ತಲೆ, ಆ ಕಡ್ಡಿ ಮಾಡಿನ ಒಳಮೈಗೆ ಬಡಿಯುತ್ತಿರಬೇಕು, ನನ್ನ ಮೊಣಕಾಲಿನ ಕೆಳಗೇ, ಬಿಚ್ಚುತ್ತದೆ, ಮುಚ್ಚುತ್ತದೆ, ರೆಕ್ಕೆ, ಕಡ್ಡಿ, ರೆಕ್ಕೆ, ಕಡ್ಡಿ. ಅವಳು ಬಂದು ನೋಡುವ ಮೊದಲೇ ಕತ್ತಿ ಹಾಕಿಸಿದೆ.