ಕೆನ್ನೆಯ ಮೇಲಿನ ತೂತು

ಕ್ಯಾನ್ಸರ್ ಮತ್ತೆ ಬಂದಿರುವುದನ್ನು ನನ್ನನ್ನು ಬಿಟ್ಟು ಎಲ್ಲರಿಗೂ ಹೇಳಿದರು. ಈಗ ಈ ಕತ್ತಲೆ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿದ್ದಾರೆ, ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗಿನದೆಲ್ಲ ಯಾರದೋ ಸಾಮಾನು, ಕಾಲು ಇದೆಯೋ ಇಲ್ಲವೋ — ಎದುರಿಗೆ ಮಿಷನ್ನಿನ ಪರದೆ ಮಾತ್ರ ಬೂದುಬಣ್ಣದಲ್ಲಿ ಬೆಳಗುತ್ತಿದೆ, ಸಿನಿಮಾ ಶುರುವಾಗುವ ಮುಂಚೆ ಹೀಗೇ ಇರುತ್ತಿತ್ತು, ಪ್ರೊಜೆಕ್ಟರ್ ಪಕ್ಕದ ಕಿಂಡಿಯಿಂದ ಕೆಳಗಿನ ತಲೆಗಳನ್ನು ನೋಡುತ್ತಲೇ ನನ್ನ ಆಯುಷ್ಯ ಸವೆಯಿತು. ಏನೂ ಇಲ್ಲಪ್ಪ, ಮೂತ್ರದ ದಾರಿ ಕಟ್ಕೊಂಡಿದೆಯಂತೆ, ಕ್ಲೀನ್ ಮಾಡ್ತಾರೆ ಅಷ್ಟೇ ಅಂದಳು ಮಗಳು, ಹೆಂಡತಿ ಆಗ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು, ಇರುವುದೇ ಮೂರು, ಎಷ್ಟು ಹೊತ್ತು ಎಣಿಸುತ್ತಾಳೆ — ಇವತ್ತು ಬೆಳಿಗ್ಗೆ ಅರಿವಳಿಕೆಯ ಡಾಕ್ಟರಮ್ಮ, ಪಾಪ, ಆಕೆಗೆ ಯಾರೂ ಈ ನಾಟಕ ಹೇಳಿಕೊಟ್ಟಿರಲಿಲ್ಲ, ರೇಡಿಯೇಷನ್ ಕೊಟ್ಟ ಪ್ರಾಸ್ಟೇಟ್ ಗ್ರಂಥಿಯಲ್ಲೇ ಮತ್ತೆ ಬಂದಿದೆ ಅಲ್ವಾ ಯಜಮಾನ್ರೇ, ಹೆದರ್ಬೇಡಿ, ಕುಯ್ಯೋದಿಲ್ಲ, ಶಬ್ದದ ಅಲೆಗಳನ್ನ ಒಂದೇ ಚುಕ್ಕೆಗೆ ಕೂಡಿಸಿ ಸುಡ್ತಾರೆ, ನಿಮಗೆ ಕೇಳಿಸೋದೂ ಇಲ್ಲ ಅಂದುಬಿಟ್ಟಳು. ಕೇಳಿಸದ ಶಬ್ದ, ದಾರಿಯಲ್ಲಿ ಏನನ್ನೂ ಸುಡದೆ ಒಳಗೆ ಹೋಗಿ, ಒಂದೇ ಕಡೆ ನಿಂತು ಬೇಯಿಸುವ ಶಬ್ದ — ಪ್ರೊಜೆಕ್ಟರಿನಲ್ಲಿ ದೀಪದ ಮುಂದಿನ ಗೇಟಿನಲ್ಲಿ ಫಿಲ್ಮು ಸಿಕ್ಕಿಕೊಂಡರೂ ಹೀಗೇ, ಓಡುತ್ತಿರುವಷ್ಟು ಹೊತ್ತು ದೀಪ ಏನೂ ಮಾಡುವುದಿಲ್ಲ, ನಿಂತಿತೋ ಸುಡುತ್ತದೆ, ಪರದೆಯ ಮೇಲೆ ನಗುತ್ತಿದ್ದ ಹೆಂಗಸಿನ ಕೆನ್ನೆಯಲ್ಲಿ ಕಂದು ಅಂಚಿನ ತೂತು, ಅರಳುತ್ತಾ, ಅವಳು ನಗುತ್ತಲೇ. ಕೆಳಗಿನಿಂದ ಶಿಳ್ಳೆ, ಲೋ ಆಪರೇಟರ್, ಮಲಗಿದ್ಯೇನೋ! ಸುಟ್ಟ ತುಂಡನ್ನು ಕತ್ತರಿಸಿ ಎರಡು ತುದಿ ಅಂಟಿಸುತ್ತಿದ್ದೆ, ಮಾರನೆಯ ಆಟಕ್ಕೆ ಬಂದವರಿಗೆ ಅವಳು ನಕ್ಕದ್ದೇ ಗೊತ್ತಿಲ್ಲ. ನನ್ನನ್ನೂ ಹಾಗೇ ಕತ್ತರಿಸಿ ಅಂಟಿಸಿದ್ದಾರೆ, ಪರೀಕ್ಷೆ ಆದ ದಿನಕ್ಕೂ ಈ ಮೇಜಿಗೂ ನಡುವೆ ಇದ್ದದ್ದು ಎಲ್ಲಿ, ಯಾರ ಜೇಬಿನಲ್ಲಿ? ಅಪ್ಪನಿಗೆ ತಡ್ಕೊಳ್ಳೋ ಶಕ್ತಿ ಇಲ್ಲ ಡಾಕ್ಟ್ರೇ, ಅವರಿಗೆ ಹೇಳ್ಬೇಡಿ — ಅಂದಿರುತ್ತಾಳೆ, ಅವರೂ ಹೂಂ ಅಂದಿರುತ್ತಾರೆ, ಒಪ್ಪಿಗೆಯ ಸಹಿ ಮಗಳದು, ಬೇಯುವ ಮಾಂಸ ನನ್ನದು, ಉಚ್ಚೆಯ ಹಿಡಿತ ತಪ್ಪಿದರೆ ಒದ್ದೆಯಾಗುವ ಹಾಸಿಗೆ ನನ್ನದು, ಬೇಕು ಬೇಡ ಅನ್ನುವ ಬಾಯಿ ಮಾತ್ರ ನನ್ನದಲ್ಲ, ಪ್ರೀತಿಯಂತೆ, ಪ್ರೀತಿಯಿಂದಲೇ ಮನುಷ್ಯನನ್ನು ಬದುಕಿದ್ದಾಗಲೇ ಹೆಣ ಮಾಡಬಹುದು — ತಲೆಯ ಹತ್ತಿರ ಅದೇ ಡಾಕ್ಟರಮ್ಮ, ಅಲ್ಲಾಡ್ಬೇಡಿ ಯಜಮಾನ್ರೇ, ನಿದ್ದೆಗೆ ಸ್ವಲ್ಪ ಕೊಡ್ತೀನಿ, ಕಣ್ಣು ಮುಚ್ಕೊಳ್ಳಿ, ಏಳೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಮುಗಿದಿರುತ್ತೆ, ಇನ್ನೊಂದು ತುಂಡು ಕತ್ತರಿಸಿ ಅಂಟಿಸಿರುತ್ತಾರೆ. ಪರದೆಯ ಗಾಜಿನಲ್ಲಿ ನನ್ನ ಮುಖ ತೇಲುತ್ತಿದೆ, ಯಾರೋ ಸತ್ತವನ ಮುಖದ ಹಾಗೆ, ಅದರ ಮೇಲೇ ಮಿಷನ್ ನಡೆಸುವ ಡಾಕ್ಟರು ಸುಡಬೇಕಾದ ಜಾಗಕ್ಕೆ ಒಂದು ಚುಕ್ಕೆ ಇಡುತ್ತಾರೆ, ಚುಕ್ಕೆ ಬಿದ್ದದ್ದು ನನ್ನ ಕೆನ್ನೆಗೆ — ಮುಚ್ಚಲ್ಲ. ಏನಂದ್ರಿ? ಕಣ್ಣು ಮುಚ್ಚಲ್ಲ ಅಂದೆ. ಮಗಳನ್ನ ಕೇಳಿದ್ದು ಸಾಕು, ನನ್ನ ಕೇಳಿ, ಅಲ್ಲೀತನಕ ಆ ಮಿಷನ್ ಮುಟ್ಬೇಡಿ. ಅಯ್ಯೋ, ಹಟ ಮಾಡ್ಬಾರ್ದು, ಮುಚ್ಕೊಳ್ಳಿ. ಸಿರಿಂಜು ಹಿಡಿದ ಕೈ ಗಾಳಿಯಲ್ಲೇ ನಿಂತಿದೆ, ಎಲ್ಲವೂ ನಿಂತಿದೆ, ಗಾಜಿನೊಳಗಿನ ಕೆನ್ನೆಯಲ್ಲಿ ಕಂದು ಅಂಚಿನ ತೂತು, ಅರಳುತ್ತಾ, ಮುಚ್ಚಲ್ಲ, ಅರಳುತ್ತಾ —