ನಾನು ಹೊರದೇ ಉಳಿದ ಆಟಗಾರ

ನಾನೊಂದು ಸ್ಟ್ರೆಚರ್. ಎರಡು ಬಿದಿರು ಗಳ, ನಡುವೆ ಖಾಕಿ ಕ್ಯಾನ್ವಾಸು, ಇಷ್ಟೇ ನನ್ನ ಮೈ. ಬೆಂಗಳೂರಿನ ಶಿವಾಜಿನಗರದಲ್ಲಿ ಡೇರೆ ಹೊಲಿಯುತ್ತಿದ್ದ ಖಾಸಿಂ ಸಾಬರು ನನ್ನನ್ನು ಹೊಲಿದು, ತಾವೇ ಒಮ್ಮೆ ಮಲಗಿ ನೋಡಿ, "ಗಟ್ಟಿ ಐತೆ. ಆದ್ರೆ ಇದು ಯಾರಿಗೂ ಬೇಕಾಗೋದು ಬ್ಯಾಡ" ಎಂದರು. ಹೀಗೆ ಹರಸಿದರೆ ನನ್ನ ಹೊಟ್ಟೆಪಾಡು ನಡೆಯುವುದು ಹೇಗೆ ಹೇಳಿ!

ಮೊದಲು ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಅಲ್ಲಿಗೆ ಚಕ್ರದ ಗಾಡಿಗಳು ಬಂದ ಮೇಲೆ ನನ್ನನ್ನು ಫುಟ್‌ಬಾಲ್ ಕ್ಲಬ್ಬಿಗೆ ದಾಟಿಸಿದರು. ಕ್ಲಬ್ಬಿನ ಗಂಗಣ್ಣ ನನ್ನ ಮುಂದಿನ ತುದಿ ಹಿಡಿದರೆ ಸಲೀಮ ಹಿಂದಿನದು. ನಾನು ಮೈದಾನಕ್ಕಿಳಿದರೆ ತಮಟೆ, ಸಿಳ್ಳೆ, ಚಪ್ಪಾಳೆ ಎಲ್ಲ ನಿಲ್ಲಬೇಕು. ಯಾರೂ ಬರೆದಿಡದ ಕಟ್ಟಳೆ ಅದು, ಆದರೆ ಆ ಸ್ಟೇಡಿಯಂನಲ್ಲಿ ಯಾರೂ ಮೀರಿದವರಿಲ್ಲ.

ಹುಲಿಯ ಹಾಗೆ ಅಬ್ಬರಿಸಿದವರು ನನ್ನ ಮೇಲೆ ಮಲಗಿ "ಅಮ್ಮಾ" ಎಂದದ್ದನ್ನು ಕೇಳಿದ್ದೇನೆ. ಊರಿನ ಆಟಗಾರರೆಲ್ಲರ ಭಾರ ನನಗೆ ಗೊತ್ತು. ಗೊತ್ತಿಲ್ಲದ್ದು ಒಬ್ಬರದೇ, ನಮ್ಮ ಮುಂಚೂಣಿ ಆಟಗಾರ ಇನ್ನಾಸಪ್ಪನವರದು.

ಜನರ ಬಾಯಲ್ಲಿ ಅವರು ಇನ್ನಾಸಣ್ಣ. ಅವರ ಕಾಲಿಗೆ ಚೆಂಡು ಸಿಕ್ಕರೆ ಕಡಲೆಕಾಯಿ ಮಾರುವವನೂ ಕೈಯಲ್ಲಿದ್ದ ಪೊಟ್ಟಣ ಮರೆತು ನಿಲ್ಲುತ್ತಿದ್ದ. ಗೋಡೆಗೊರಗಿದ್ದ ನನಗೇ ಬಿದಿರು ಜುಮ್ಮೆನ್ನುತ್ತಿತ್ತು. ಒಮ್ಮೆ ಅವರ ಪಾದ ಊದಿ ಕುಂಬಳಕಾಯಿಯಾಗಿತ್ತು. ನನ್ನನ್ನು ಹೊತ್ತು ಓಡಿದ ಗಂಗಣ್ಣನನ್ನು ಅವರು ಕೈಯೆತ್ತಿ ತಡೆದರು. "ವಾಪಸ್ ತಗೊಂಡ್ ಹೋಗು ಗಂಗಣ್ಣ. ನಮ್ಮಮ್ಮ ಟೀವೀಲಿ ನೋಡ್ತಿರ್ತಾಳೆ." ಹಾಗೆಂದು ಕುಂಟುತ್ತಲೇ ನಡೆದರು.

ಆ ಅಮ್ಮ ಜ್ಞಾನಮ್ಮ. ಗಂಡನನ್ನು ಕಲ್ಲುಕ್ವಾರಿಯಿಂದ ಜನ ಹೊತ್ತು ತಂದದ್ದನ್ನು ಕಂಡವರು. "ಮನುಷ್ಯನ್ನ ಮಂದಿ ಹೊರೋದು ಒಂದೇ ಸಲ. ನೀನು ನಿನ್ ಕಾಲಲ್ಲೇ ಹೋಗು, ನಿನ್ ಕಾಲಲ್ಲೇ ಬಾ" ಎಂದು ಮಗನಿಂದ ಭಾಷೆ ತೆಗೆದುಕೊಂಡಿದ್ದರು.

ಇನ್ನಾಸಣ್ಣನ ಕೊನೆಯ ಪಂದ್ಯದ ದಿನ ಜ್ಞಾನಮ್ಮ ಮೊದಲ ಬಾರಿಗೆ ಸ್ಟೇಡಿಯಂಗೆ ಬಂದರು. ಕ್ಲಬ್ಬಿನವರು ನನ್ನ ಪಕ್ಕದಲ್ಲೇ ಅವರಿಗೆ ಕುರ್ಚಿ ಹಾಕಿದ್ದರು. ನನ್ನನ್ನು ಕಂಡದ್ದೇ ಕುರ್ಚಿಯನ್ನು ಅತ್ತ ಎಳೆದುಕೊಂಡು ಮುಖ ತಿರುಗಿಸಿದರು. ಮಗನ ಮಂಡಿ ಸವೆದುಹೋಗಿತ್ತು, ಪಟ್ಟಿ ಬಿಗಿದೇ ಆಡುತ್ತಿದ್ದರು. ಇವತ್ತೊಂದು ದಿನ ಭಾಷೆ ಉಳಿದರೆ ಸಾಕೆಂದು ಆಕೆ ಜಪಮಣಿ ಎಣಿಸುತ್ತಿದ್ದರು. ಆಟ ಮುಗಿಯುವ ಸ್ವಲ್ಪ ಮುಂಚೆ ಇನ್ನಾಸಣ್ಣನನ್ನು ಹೊರಗೆ ಕರೆದು, ತಮಟೆ ಬಾರಿಸಿ ಹಾರ ಹಾಕುವುದೆಂದು ಏರ್ಪಾಡಾಗಿತ್ತು. ಹಾರ ತರಲು ಸಲೀಮ ಗೇಟಿನತ್ತ ಓಡಿದ್ದ. ಸ್ಟ್ರೆಚರಿನ ಒಂದು ತುದಿ ಅನಾಥವಾಯಿತೆಂದು ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಇನ್ನಾಸಣ್ಣ ಚೆಂಡಿನೊಂದಿಗೆ ನುಗ್ಗಿದರು. ಎದುರು ತಂಡದ ಗೋಲ್‌ಕೀಪರ್ ಅವರ ಕಾಲ ಬುಡಕ್ಕೇ ಹಾರಿದ. ಇಬ್ಬರೂ ಉರುಳಿದರು. ಜ್ಞಾನಮ್ಮ ಎದ್ದು ನಿಂತರು, ಜಪಮಣಿ ಕೈಜಾರಿತು. ಗಂಗಣ್ಣ ಒಬ್ಬನೇ ನನ್ನನ್ನು ದರದರ ಎಳೆದುಕೊಂಡು ಓಡಿದ.

ಇನ್ನಾಸಣ್ಣ ಮೆಲ್ಲಗೆ ಎದ್ದರು. ಏಳದವನು ಕೀಪರ್. ಅವನ ಕಾಲು ಮುರಿದಿತ್ತು. ಅವನನ್ನು ನನ್ನ ಮೇಲೆ ಮಲಗಿಸಿದರು. ಗಂಗಣ್ಣ ಮುಂದಿನ ತುದಿ ಹಿಡಿದು, ಹಿಂದೆ ಯಾರೆಂದು ಸುತ್ತ ನೋಡುವಷ್ಟರಲ್ಲಿ ಇನ್ನಾಸಣ್ಣ ಬಗ್ಗಿ ಹಿಡಿದಾಗಿತ್ತು.

ರೆಫರಿ ಮೆಲ್ಲಗೆ ಹೇಳಿದರು: "ಹೊರಗೆ ಹೋದ್ರೆ, ನಾನು ಕೈ ತೋರ್ಸೋ ತನಕ ಒಳಗೆ ಬರಂಗಿಲ್ಲ ಇನ್ನಾಸಪ್ಪ."

"ಇನ್ ಬರಲ್ಲ ಸಾರ್."

ಹಾಗೆ ಅವರು ಆಟದಿಂದ ನಿವೃತ್ತರಾದರು. ತುಂಬಿದ ಸ್ಟೇಡಿಯಂ ಎದ್ದು ನಿಂತಿತ್ತು. ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತಿದ್ದವು, ನಾನು ಮೈದಾನದಲ್ಲಿದ್ದೆನಲ್ಲ! ಆ ನಿಶ್ಶಬ್ದದಲ್ಲಿ ನನಗೆ ಕೇಳಿಸಿದ್ದು ಕೀಪರನ ನರಳಾಟ ಮತ್ತು ಹಿಂದಿನಿಂದ ಬರುತ್ತಿದ್ದ ಮಾತು: "ಆಯ್ತಪ್ಪ, ಬಂದೇಬಿಟ್ವಿ." ಹೆಜ್ಜೆಹೆಜ್ಜೆಗೂ ಅವರ ಮಂಡಿ ನಡುಗುವುದು ಗಳದೊಳಗೆ ತಿಳಿಯುತ್ತಿತ್ತು. ನನ್ನ ತುದಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಅಂಥ ನಡಿಗೆಯನ್ನು ನಾನು ಕಂಡಿಲ್ಲ.

ಕೀಪರನನ್ನು ಆಂಬುಲೆನ್ಸಿಗೆ ಹತ್ತಿಸಿ ನನ್ನನ್ನು ಕೆಳಗಿಟ್ಟರು. ಏದುಸಿರು ಬಿಡುತ್ತ ಬಂದ ಸಲೀಮ ತಬ್ಬಿಬ್ಬಾಗಿ ಹಾರವನ್ನು ನನ್ನ ಮೇಲೇ ಇಡಹೋದ.

"ಅದರ ಮೇಲೆ ಹಾರ ಇಡ್ತಾರೇನೋ, ಬುದ್ಧಿ ಇಲ್ವಾ!" ಜ್ಞಾನಮ್ಮ ಅದನ್ನು ಕಿತ್ತುಕೊಂಡು ಮಗನ ಕೊರಳಿಗೆ ಹಾಕಿದರು. ಆಗ ಒಡೆಯಿತು ನೋಡಿ ಚಪ್ಪಾಳೆ! ಆ ಗದ್ದಲದ ನಡುವೆ ಆಕೆ ಬಗ್ಗಿ, ಮಗನ ಬೆವರಿನಿಂದ ಒದ್ದೆಯಾಗಿದ್ದ ನನ್ನ ಗಳವನ್ನು ಸೆರಗಿನಿಂದ ಒರೆಸಿದರು. "ಇಷ್ಟ್ ವರ್ಷ ನಿನ್ನ ಸುಮ್ಸುಮ್ನೆ ಬೈದ್ಕೊಂಡೆ" ಎಂದರು.

ಈಗ ನಾನು ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ, ಹರಿದ ನೆಟ್ಟುಗಳ ಜೊತೆ ಇದ್ದೇನೆ. ಕ್ಯಾನ್ವಾಸು ಜೋತುಬಿದ್ದಿದೆ, ಯಾರನ್ನೂ ಹೊರಲಾರೆ. ಇನ್ನಾಸಣ್ಣನ ಭಾರವೆಷ್ಟೆಂದು ಕೇಳಿದರೆ ಇಂದಿಗೂ ಗೊತ್ತಿಲ್ಲ. ನಾನು ಅವರನ್ನು ಹೊರಲಿಲ್ಲ, ಅವರೇ ನನ್ನನ್ನು ಹೊತ್ತರು.